ರಾತ್ರಿ ಪಾಳಿಯ ತೂಕ

ಮೂವತ್ತೊಂದು ವರ್ಷ ಕೆದಿರಿಯ ಸಕ್ಕರೆ ಕಾರ್ಖಾನೆಯಲ್ಲಿ
ಕಬ್ಬಿನ ಲಾರಿ ತೂಗಿದವನು ಸಾಜಿಮಾನ್, ನನ್ನ ಗಂಡ.
ಬರುವಾಗ ಹದಿನಾಲ್ಕು ಟನ್ನು, ಹೋಗುವಾಗ ಆರು,
ನಡುವಿನದು ಕಬ್ಬು. ಬೇರೆ ಲೆಕ್ಕ ಅವನಿಗೆ ಬೇಕಿರಲಿಲ್ಲ.
ಅಂಗಿಯ ಕಾಲರಿಗೆ ಕಾಕಂಬಿಯ ವಾಸನೆ,
ಒಗೆದರೂ ಹೋಗದು, ಇರುವೆ ಬಿಡದು.

ನಿವೃತ್ತನಾದರೂ ರಾತ್ರಿ ಪಾಳಿ ಅವನನ್ನು ಬಿಡಲಿಲ್ಲ.
ಎರಡು ಗಂಟೆಗೆ ಎದ್ದು ಕೂತು ಗೋಡೆ ನೋಡುವುದು.
ಅದಕ್ಕೇ ಇರಬೇಕು, ಒಂದು ದಿನ ಹಕ್ಕಿ ಸಂತೆಯಿಂದ
ಜೇಬಿನಲ್ಲಿಟ್ಟು ತಂದ, ಹಗಲೆಲ್ಲ ಮಲಗಿ ರಾತ್ರಿ ಏಳುವ
ಒಂದು ಹಿಡಿ ಬೂದು ಜೀವ.
ಶುಗರ್ ಗ್ಲೈಡರ್ ಅಂದ. ನಕ್ಕೆ ನಾನು:
ಇನ್ನೂ ಹರಿಯಲಿಲ್ಲವೇ ಸಕ್ಕರೆಯ ನಂಟು?
ಕಪುಕ್ ಎಂದು ಕರೆದ. ಬೂರುಗದ ಹತ್ತಿಗೆ ನಮ್ಮಲ್ಲಿ ಹಾಗನ್ನುವುದು.

ಪರದೆಯ ತುದಿಯಿಂದ ಕೈಕಾಲು ಬಿಡಿಸಿ
ಗಾಳಿಯಲ್ಲಿ ಚೌಕವಾಗಿ
ಅವನ ಹೆಗಲಿಗೆ ಇಳಿಯುತ್ತಿತ್ತು.
ಪಪ್ಪಾಯಿ ಕೊಟ್ಟರೆ ದವಡೆಯಲ್ಲಿ ಹಿಂಡಿ
ರಸ ಕುಡಿದು ಸಿಪ್ಪೆ ಉಗುಳುತ್ತಿತ್ತು.
'ನೋಡೇ ಮುಜಿಯಾತಿ, ಥೇಟ್ ನಮ್ಮ ಗಾಣ!'

ಆ ವರ್ಷವೇ ಅವನ ರಕ್ತದಲ್ಲಿ ಸಕ್ಕರೆ ಸಿಕ್ಕಿತು.
ಇನ್ನೂರ ಎಂಬತ್ತು.
ಡಬ್ಬಿಗೆ ಬೀಗ ಹಾಕಿದೆ. ಚಹಾ ಸಪ್ಪೆ, ಮಾತೂ ಸಪ್ಪೆ.
ಅವನು ಜಗಳವಾಡಲಿಲ್ಲ.
ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಕತ್ತಲಲ್ಲಿ ಕಪುಕ್‌ಗೆ ಉಣಿಸುತ್ತಿದ್ದ
ನಾನು ತಡೆದದ್ದನ್ನೆಲ್ಲ:
ಬೆರಳ ತುದಿಯಲ್ಲಿ ಡಬ್ಬದ ಸಿಹಿಹಾಲು, ಜೇನು,
ಮಾಗಿ ಕಪ್ಪಾದ ಬಾಳೆಹಣ್ಣು,
ಮದುವೆಮನೆಯ ಕ್ಲೆಪೋನ್ ಉಂಡೆ ಒಡೆದು
ಒಳಗಿನ ಬೆಲ್ಲದ ನೀರು.
ನಾಲಗೆ ಅದರದು, ಕಣ್ಣು ಮುಚ್ಚುತ್ತಿದ್ದವನು ಇವನು.

ಒಂದು ರಾತ್ರಿ ಹಾರಿದ್ದು ಹೆಗಲು ಮುಟ್ಟಲಿಲ್ಲ.
ನೆಲದ ಮೇಲೆ ಹಿಂಗಾಲು ಎಳೆದುಕೊಂಡು ಬಂತು,
ಒದ್ದೆ ಬತ್ತಿಯ ಹಾಗೆ.

ಡಾಕ್ಟರು ರೆತ್ನಿಂಗ್ ಇನ್ನೂ ಹುಡುಗಿ. ಬೈಯಲಿಲ್ಲ.
'ಹೆಸರಿನಲ್ಲಿ ಸಕ್ಕರೆ ಇದೆಯೆಂದು ಮೋಸಹೋಗಬೇಡಿ, ಅಜ್ಜ.
ಕಾಡಿನಲ್ಲಿ ಇದಕ್ಕೆ ಸಿಹಿ ಸುಮ್ಮನೆ ಸಿಗುವುದಲ್ಲ.
ತೊಗಟೆ ಕಚ್ಚಿ ಕಾಯಬೇಕು, ಅಂಟು ಒಸರಬೇಕು,
ಹೂವಿಗೊಂದು ಮರ ಹಾರಬೇಕು, ನಡುವೆ ಹುಳ ಹಿಡಿಯಬೇಕು.
ನೀವು ಕೊಟ್ಟದ್ದು ಹಾರದೆ ಸಿಕ್ಕ ಸಿಹಿ.
ಅದರಲ್ಲಿ ಸುಣ್ಣವಿಲ್ಲ. ಮೂಳೆ ತನ್ನದನ್ನೇ ತೆತ್ತಿದೆ.'

ಅವನು ಗೋಡೆ ನೋಡಿದ.
ನಾನು ಅವನ ಕಾಲು ನೋಡಿದೆ:
ಕಾಲುಚೀಲದೊಳಗೆ ಅಡಗಿಸಿದ್ದ
ಹೆಬ್ಬೆರಳ ಗಾಯ, ಎರಡು ತಿಂಗಳಿಂದ ಮಾಯದ್ದು.

ಈಗ ಅಡುಗೆಮನೆಯ ಮೇಜಿನ ಮೇಲೆ
ಅಂಗೈಯಗಲ ತೂಕದ ಯಂತ್ರ.
ಟನ್ನು ತೂಗಿದ ಕೈ ಪಪ್ಪಾಯಿ ತೂಗುತ್ತದೆ, ಮೂರು ಗ್ರಾಂ.
ಒಂದು ಎಳೆ ಹೆಚ್ಚಾದರೆ ತೆಗೆದು
ಬಾಯಿಗಿಟ್ಟುಕೊಳ್ಳುವುದಿಲ್ಲ, ತಟ್ಟೆಯಂಚಿಗೆ ಒರೆಸುತ್ತಾನೆ,
ನನ್ನ ಕಡೆ ಒಮ್ಮೆ ನೋಡಿ.
ಬೆಂದ ಮೊಟ್ಟೆಗೆ ಕ್ಯಾಲ್ಸಿಯಂ ಪುಡಿ. ನಾಲ್ಕು ಹಿಟ್ಟಿನ ಹುಳ.
ಜಾಲಿಯ ಅಂಟಿನ ಚೂರನ್ನು ಕೊಂಬೆಯ ಬಿರುಕಿಗೆ ಮೆತ್ತುತ್ತಾನೆ,
ಹುಡುಕಿ, ಕೆರೆದು ತಿನ್ನಲಿ ಎಂದು.

ಉಳಿದಿದ್ದ ಲಾರಿ ರಸೀತಿ ಪುಸ್ತಕದಲ್ಲೇ ಲೆಕ್ಕ:
ವಾಹನ: ಕಪುಕ್. ಒಟ್ಟು ತೂಕ: ತೊಂಬತ್ತೆಂಟು.
ಕೆಳಗಿನ ಸಾಲಿನಲ್ಲಿ, ಯಾರೂ ಕೇಳದೆ,
ವಾಹನ: ಸಾಜಿಮಾನ್. ಬೆಳಗಿನ ರಕ್ತ: ನೂರ ಅರವತ್ತೆರಡು.

ಮೇ ತಿಂಗಳಲ್ಲಿ ಕಾರ್ಖಾನೆ ಮತ್ತೆ ಶುರುವಾಯಿತು.
ಎರಡು ಕಬ್ಬಿಗೆ ಮದುಮಕ್ಕಳ ಉಡುಗೆ ಉಡಿಸಿ,
ಮದುವೆ ಮಾಡಿ ಗಾಣಕ್ಕೆ ಕೊಡುವ ದಿನ
ಅವನಿಗೂ ಕರೆ ಬಂದಿತ್ತು.
ಹೋಗಲಿಲ್ಲ. ಸೈರನ್ ಕೂಗಿದಾಗ ಗಡಿಯಾರ ಮಾತ್ರ ನೋಡಿಕೊಂಡ.

ನಿನ್ನೆ ಎರಡು ಗಂಟೆಗೆ ನನಗೆ ಎಚ್ಚರವಾಯಿತು.
ಆಟಿಕೆ ನಾಯಿಯಂಥ ಸಣ್ಣ ಬೊಗಳು.
ಕಪುಕ್ ಪರದೆ ಹತ್ತುತ್ತಿತ್ತು,
ಅರ್ಧಕ್ಕೆ ನಿಂತು, ಉಸಿರು ತೆಗೆದು, ಮತ್ತೆ ಹತ್ತುತ್ತಿತ್ತು.
ಕೆಳಗೆ ಅವನು ಹೆಗಲು ಚಾಚಿ ನಿಂತಿದ್ದ,
ಗಾಯದ ಕಾಲನ್ನು ಕೊಂಚ ಎತ್ತಿ ಹಿಡಿದು.
ನಾನು ದೀಪ ಹಾಕಲಿಲ್ಲ.
ಅದು ಇನ್ನೂ ಹಾರಿರಲಿಲ್ಲ.