ಮುಕ್ಕಾಲು ಪೀಪಾಯಿ

ದೂರದ ಬೆಟ್ಟ ನುಣ್ಣಗೆ, ಸರಿ.
ಕೈಗೆ ಸಿಕ್ಕ ಕಲ್ಲನ್ನು ನುಣ್ಣಗಾಗಿಸಲು
ನಾಲ್ಕು ವಾರ ಬೇಕು,
ಅದೂ ಕರೆಂಟು ಹೋಗದಿದ್ದರೆ.

ಬಟ್ಟೆ ಒಣಗಿಸಿ ಒಣಗಿಸಿ ಸತ್ತ ಯಂತ್ರದ ಮೋಟಾರು,
ಸಿಗ್ನೆಯ ಮೊಮ್ಮಗ ಮುರಿದೆಸೆದ ಸ್ಕೇಟ್‌ಬೋರ್ಡಿನ ಬೇರಿಂಗು,
ಎರಡು ಸರಳು, ಸರಳಿಗೆ ತೊಡಿಸಿದ ತೋಟದ ಪೈಪು,
ಅವುಗಳ ಮೇಲೆ ಅಡ್ಡ ಮಲಗಿದ ಪೀಪಾಯಿ.
ಒಳಗೆ ಟ್ರ್ಯಾಕ್ಟರ್ ಟ್ಯೂಬಿನ ಅಸ್ತರು.
ಬೆಲ್ಟಿಗೆ ಮಾತ್ರ ಕಾಸು ಬಿಚ್ಚಿದ,
ಅದಕ್ಕೂ ಮೂರು ದಿನ ಗೊಣಗಿದ ನನ್ನ ತೈಸ್ತೊ.
ಮೂವತ್ತೊಂದು ವರ್ಷ ಅದಿರಿನ ರೈಲಿಗೆ ಬ್ರೇಕು ಹಾಕಿದವನು
ಈಗ ನಿಲ್ಲಲೇಬಾರದ ಒಂದನ್ನು ಕಟ್ಟಿಕೊಂಡಿದ್ದಾನೆ.

ಮುಕ್ಕಾಲು ತುಂಬಬೇಕು, ಅದು ಕಟ್ಟಳೆ.
ಕಡಿಮೆಯಾದರೆ ಕಲ್ಲು ಬಿದ್ದು ಬಿದ್ದು ಒಡೆಯುತ್ತದೆ,
ಹೆಚ್ಚಾದರೆ ಅಲುಗುವುದೇ ಇಲ್ಲ.
ಚರ್ಚಿನ ಕಾಫಿ ಕೂಟಕ್ಕೂ ಇದೇ ಲೆಕ್ಕ, ಎಂದೆ.
ನಗಲಿಲ್ಲ.

ಮೊದಲ ವಾರ ಗಂಜಿರವೆಯಂಥ ಕಪ್ಪು ಪುಡಿ,
ಆಮೇಲೆ ಸಣ್ಣ ರವೆ, ಆಮೇಲೆ ಮೈದಾ,
ಕೊನೆಗೆ ಮುಖಕ್ಕೆ ಬಳಿಯುವ ಪೌಡರಿನಂಥದು.
ನಡುವೆ ತೊಳೆ, ಮತ್ತೆ ತೊಳೆ, ಉಗುರಿನ ಸಂದಿಯನ್ನೂ ತೊಳೆ.
ಹಿಂದಿನ ವಾರದ ಒಂದು ಕಾಳು ಉಳಿದರೂ
ಮುಂದಿನ ವಾರವೆಲ್ಲ ಗೀರು.
ಆ ಕೆಸರನ್ನು ಬಚ್ಚಲಿಗೆ ಸುರಿಯಬಾರದು.
ಸುರಿದ. ಒಮ್ಮೆ. ಮಾರ್ಚಿಯಲ್ಲಿ.
ಪೈಪಿನೊಳಗೆ ಅದು ಸಿಮೆಂಟಾಗಿ ಕೂತು,
ಪ್ಲಂಬರ್ ಬಿಲ್ಲು ಬರೆಯುವಾಗ
ಅವನ ಅಂಗೈಯಲ್ಲಿ ಒಂದು ಅಗೇಟು ಇಟ್ಟ ನಮ್ಮವನು,
ಕೆಂಪು ಗೆರೆಯ ಮೇಲೆ ಬಿಳಿ ಗೆರೆಯದು.
ಬಿಲ್ಲಿನಲ್ಲಿ ಒಂದು ಡಾಲರೂ ಇಳಿಯಲಿಲ್ಲ.
ಆದರೆ ಆ ಪ್ಲಂಬರ್ ಈಗ ಭಾನುವಾರಗಳಲ್ಲಿ
ಸುಪೀರಿಯರ್ ಸರೋವರದ ದಂಡೆಗುಂಟ ಬಗ್ಗಿಕೊಂಡು ನಡೆಯುತ್ತಾನೆ,
ಏನೋ ಕಳಕೊಂಡವನ ಹಾಗೆ.

ರಾತ್ರಿ ನನ್ನ ದಿಂಬಿನ ಕೆಳಗೆ, ಹಲಗೆಯ ಕೆಳಗೆ
ನೆಲಮಾಳಿಗೆಯಲ್ಲಿ ಅದರ ಸದ್ದು:
ಅಲೆ ಹಿಂದೆ ಸರಿಯುವಾಗ ಬೆಣಚುಗಳನ್ನು ಎಳಕೊಂಡು ಹೋಗುತ್ತದಲ್ಲ,
ಹಾಗೆ. ಆದರೆ ಈ ಅಲೆ ಸರಿದು ಮುಗಿಯುವುದೇ ಇಲ್ಲ.
ಮೆತ್ತಗಾದರೆ ಕೆಸರು ಗಟ್ಟಿಯಾಯಿತು, ಟಕಟಕವೆಂದರೆ ನೀರು ಹೆಚ್ಚಾಯಿತು,
ಅವನು ನಿದ್ದೆಯಲ್ಲೇ ಹೇಳುತ್ತಾನೆ.
ನಾನು ಎಚ್ಚರದಲ್ಲಿ ಕೇಳುತ್ತೇನೆ.

ಕಳೆದ ಜನವರಿ ಕಲ್ಲು ಅವನ ಹೊಟ್ಟೆಯಲ್ಲೇ ಕಂಡಿತು.
ಡುಲುತ್‌ನ ಆಸ್ಪತ್ರೆಗೆ ಇಪ್ಪತ್ತೇಳು ಮೈಲಿ, ಹಿಮ,
ಪಕ್ಕದ ಸೀಟಿನಲ್ಲಿ ಮುದುಡಿ ಅವನು ಕೂಗಿದ ಫಿನ್ನಿಶ್ ಬೈಗುಳಗಳಲ್ಲಿ
ಕೆಲವು ನನಗೂ ಹೊಸವು.
ಬೆಳಗಿನ ಜಾವ ಹೊರಬಿತ್ತು, ಅಕ್ಕಿಕಾಳಿನಷ್ಟು, ಮೈಯೆಲ್ಲ ಮುಳ್ಳು.
ಪರೀಕ್ಷೆಗೊಂದು ಚೂರು ಇಟ್ಟುಕೊಂಡು
ಉಳಿದದ್ದನ್ನು ನರ್ಸು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಟ್ಟಳು.
ಇಷ್ಟು ಕಾಡಿದ್ದು ಸ್ವಲ್ಪ ಹೊಳೆಯಲಿ, ಎಂದವನೇ
ಅಗೇಟುಗಳ ನಡುವೆ ಹಾಕಿ ಮುಚ್ಚಳ ಬಿಗಿದ.

ವಾರದ ಮೇಲೆ ತೆರೆದ. ಜಾಲರಿಗೆ ಸುರಿದ.
ಕನ್ನಡಕ ತಂದ, ಟಾರ್ಚು ತಂದ, ನನ್ನನ್ನು ಕರೆದ.
ಅಗೇಟು ಎಲ್ಲ ಇದ್ದವು, ಎಣಿಸಿದಷ್ಟೂ.
ಅದು ಇರಲಿಲ್ಲ. ಬೂದು ಕೆಸರಿತ್ತು.
ಮಗುಚಿದ ಬಕೆಟ್ಟಿನ ಮೇಲೆ ಕೂತು ಕೇಳಿದ,
ಅವಮಾನವಾದವನ ಹಾಗೆ:
"ಅಷ್ಟು ಮೆತ್ತಗಿತ್ತೇ ಅದು, ಐಲಿ?"

ನಾನು ಏನು ಹೇಳಲಿ.
ಟಾರ್ಚು ಹಿಡಿದೇ ನಿಂತೆ. ಅವನು ತೊಳೆದ, ಮತ್ತೆ ತುಂಬಿದ.
ಮುಕ್ಕಾಲಿಗೆ ಒಂದು ಹಿಡಿ ಕಡಿಮೆ ಬಂತು.
ನನ್ನ ಕೋಟಿನ ಜೇಬಿನಲ್ಲಿ ಒಂದು ಹಿಡಿಯಿತ್ತು,
ದಂಡೆಯ ಮರಳು ಇನ್ನೂ ಅಂಟಿಕೊಂಡದ್ದು.
ಎಂದಿನಿಂದ ಹೆಕ್ಕುತ್ತಿದ್ದೀ, ಎಂದು ಅವನು ಕೇಳಲಿಲ್ಲ.
ಪೀಪಾಯಿಯನ್ನು ನನ್ನ ಕಡೆ ವಾಲಿಸಿ ಹಿಡಿದ.