ಕೂಡಿಗೆಯ ಲೆಕ್ಕ

ತೇವ ಹತ್ತೂ ಮುಕ್ಕಾಲು. ಗೆರೆಯೊಳಗೆ.
ಲೀಟರಿನ ತೂಕ ಕೆಳಗೆರೆಗೆ ತುಸು ಮೇಲೆ. ಒಳಗೇ.
ಬಣ್ಣ ಒಂಚೂರು ಮಾಸಲು, ಆದರೂ ಒಳಗೆ.
ಮೂರು ಹಾಳೆ, ಮೂರು ಚುಕ್ಕಿ,
ಇನ್ಸ್‌ಪೆಕ್ಟರು ಬಂದ ದಿನದ ಮಕ್ಕಳಂತೆ ಕೈಕಟ್ಟಿ ಕೂತಿವೆ.
ಮೊಣ್ಣಪ್ಪನವರು ಬಾಗಿಲಲ್ಲೇ ನಿಂತು
‘ಲಾರಿಗೆ ಹೇಳಲಾ?’ ಅಂದರು.

ನಾಲ್ಕನೆಯ ಹಾಳೆ ನಾನಿನ್ನೂ ತೆಗೆದಿರಲಿಲ್ಲ.
ಅದು ಮೂವರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತದೆ:
ಯಾರು ಯಾರ ಜೊತೆ ನಡೆಯುವವರು ನೀವು?
ನಮ್ಮ ಕೂಡ್ಲೂರಿನ ಕ್ಯೂರಿಂಗಿನಲ್ಲಿ
ತೇವ ಏರಿದರೆ ತೂಕವೂ ಹಿಂದೆಯೇ ಏರುತ್ತದೆ,
ಹಳೇ ಒಡನಾಟ.
ಒಳ್ಳೆಯ ದಿನಗಳ ಚುಕ್ಕಿಗಳೆಲ್ಲ ಸೇರಿ
ಓರೆಯಾಗಿ ಮಲಗಿದ ಒಂದು ಕಾಫಿ ಬೀಜದ ಆಕಾರ.
ಇವತ್ತಿನದು ಸಿಪ್ಪೆಯಾಚೆ.
ಮಿತಿ ಹದಿನಾಲ್ಕು; ಟಿ-ವರ್ಗ ಇಪ್ಪತ್ತಾರು.

‘ಕೆಟ್ಟಿರುವುದು ಯಾವುದು ಹಾಗಾದರೆ?’
ಅದನ್ನು ಹಾಳೆ ಹೇಳುವುದಿಲ್ಲ ಸಾರ್.
ಮನೆಯಲ್ಲಿ ಜಗಳ ಅನ್ನುತ್ತದೆ,
ಶುರು ಮಾಡಿದ್ದು ಯಾರು ಅನ್ನುವುದಿಲ್ಲ.
ಹಾರಂಗಿ ತನ್ನ ಕಲ್ಲು ದಾಟಿಲ್ಲ,
ಕಾವೇರಿ ತನ್ನ ಕಲ್ಲು ದಾಟಿಲ್ಲ,
ಕೂಡಿಗೆಯ ಕೆಳಗೆ ಮಾತ್ರ ಗದ್ದೆಗೆ ನೀರು,
ಹಾಗೇ ಇದು, ಅಂದೆ.
ಅವರು ಗಡಿಯಾರ ನೋಡಿದರು.

ಬೆಲ್ಟಿನಿಂದ ಒಂದು ಹಿಡಿ ತೆಗೆದು
ಆಸ್ಯಮ್ಮ ಕಿವಿಯ ಹತ್ತಿರ ಕುಲುಕಿದಳು, ಮೂಸಿದಳು.
‘ಹೋದ ವರ್ಷದ್ದು ಬೆರೆತಿದೆ.
ಗೋಣಿ ವಾಸನೆ. ನೀರು ಕುಡಿಸಿ ತಂದಿದ್ದಾರೆ.’
ಸೆರಗಿಗೆ ಕೈ ಒರೆಸಿಕೊಂಡು
ಮತ್ತೆ ಕಪ್ಪು ಬೀಜ ಆರಿಸತೊಡಗಿದಳು.
ಲಾರಿ ಖಾಲಿಯಾಗಿಯೇ ನಿಂತಿತು.
ಡ್ರೈವರು ಅದರ ನೆರಳಿನಲ್ಲಿ ಟವೆಲು ಹಾಸಿದ.

ಗೆದ್ದೆ ಅಂದುಕೊಂಡೇ ಸಂಜೆ
ಮಿತಿ ಕಟ್ಟಿದ ನಲವತ್ತು ದಿನಗಳ ಪಟ್ಟಿ ತೆರೆದೆ.
ಎರಡನ್ನು ಹೊರಗಿಟ್ಟಿದ್ದೆವು:
ಕರೆಂಟು ಕೈಕೊಟ್ಟ ದಿನ, ಡ್ರೈಯರು ಕೆಟ್ಟ ದಿನ.
ಜನವರಿ ಇಪ್ಪತ್ತೊಂದು ಉಳಿದುಕೊಂಡಿದೆ.
ಅವತ್ತು ಹಲ್ಲರಿಗೆ ಐತಪ್ಪನ ಎರಡು ಬೆರಳು.
ತೇವ ಸರಿ, ತೂಕ ಸರಿ, ಬಣ್ಣ ಬಲು ಸರಿ,
ಬೀಜದ ನಟ್ಟನಡುವೆ ಅವತ್ತಿನ ಚುಕ್ಕಿ.
ಇಷ್ಟು ದಿನ ಎಲ್ಲ ದಿನಗಳ ದೂರವನ್ನೂ
ಹೆಚ್ಚೂಕಮ್ಮಿ ಅಲ್ಲಿಂದಲೇ ಅಳೆಯುತ್ತಿದ್ದೆ.

ತೆಗೆದುಹಾಕಲು ಕಾರಣ ಬರೆಯಬೇಕು.
ಪಟ್ಟಿಯಲ್ಲಿರುವ ಕಾರಣಗಳು ಒಂಬತ್ತು;
ಎರಡು ಸಲ ಓದಿದೆ.

ಐತಪ್ಪ ಈಗ ಗೇಟಿನಲ್ಲಿ.
ಖಾಲಿ ಹೋದ ಲಾರಿಯ ನಂಬರು ಬರೆದುಕೊಂಡ,
ನಿಧಾನ, ಎಡಗೈಯಲ್ಲಿ.