ಲಘು ಎಂದರೆ ಒಂದು ಮಾತ್ರೆ

ಮೂರನೇ ಪುಟ, ಎಡಗಡೆ, ಟ್ರ್ಯಾಕ್ಟರ್ ಜಾಹೀರಾತಿನ ತಲೆಯ ಮೇಲೆ:
ಹೊಸನಗರ ಬಸ್ ನಿಲ್ದಾಣದಲ್ಲಿ ವಿದ್ಯಾರ್ಥಿಗಳ ಮೇಲೆ
ಲಘು ಲಾಠಿ ಪ್ರಹಾರ.

ಹತ್ತೂ ಐದಕ್ಕೆ ನನಗೆ ಛಂದಸ್ಸಿನ ಪಾಠ.
ನಾನು ಆರಿಸಿದ್ದಲ್ಲ, ಪಠ್ಯಕ್ರಮದಲ್ಲಿ ಇದ್ದದ್ದು.
ಹಲಗೆಯ ಮೇಲೆ ಬಟ್ಟಲೊಂದನ್ನು ಬರೆದೆ: ಇದು ಲಘು.
ಪಕ್ಕದಲ್ಲಿ ಅಡ್ಡಗೆರೆ: ಇದು ಗುರು.
ಎಳೆದಾದ ಮೇಲೆ ನೋಡುತ್ತೇನೆ, ಗೆರೆ ಲಾಠಿಯ ಹಾಗೇ ಇದೆ.
ಡಸ್ಟರ್ ಎತ್ತಿಕೊಂಡೆ. ಒರೆಸಲಿಲ್ಲ.

ಹದಿನೇಳನೇ ನಂಬರಿನ ಸಿಂಚನ ಎದ್ದಳು.
ಬಲಗೈ ಕುತ್ತಿಗೆಯಿಂದ ಜೋತುಬಿದ್ದಿದೆ, ಬ್ಯಾಂಡೇಜು ಇನ್ನೂ ಬೆಳ್ಳಗೆ.
"ಮೇಡಂ, ಲಘು ಎಂದರೆ ಎಷ್ಟು ಹೊತ್ತು?"
ಒಂದು ಮಾತ್ರೆ. ಕಣ್ಣು ಮಿಟುಕಿಸುವಷ್ಟು.
"ಮಿಟುಕಿಸಿದೆ ಮೇಡಂ. ತೆಗೆದಾಗ ಕೈ ನನ್ನದಾಗಿರಲಿಲ್ಲ.
ಆಸ್ಪತ್ರೆಯಲ್ಲಿ ದಿನಕ್ಕೆ ಮೂರು ಮಾತ್ರೆ ಬರೆದಿದ್ದಾರೆ, ಹತ್ತು ದಿನ.
ಒಟ್ಟು ಎಷ್ಟು ಗುರು ಆಯಿತು?"
ಹಿಂದಿನ ಬೆಂಚು ನಕ್ಕಿತು.
ಆಮೇಲೆ ನಗಲಿಲ್ಲ.

ಅವರು ಕೇಳಿದ್ದು ಒಂದು ಬಸ್ಸು.
ಐದೂ ಇಪ್ಪತ್ತಕ್ಕೆ ನಗರದ ಮೇಲೆ ಯಡೂರಿಗೆ ಹೋಗುತ್ತಿದ್ದದ್ದು,
ದೀಪಾವಳಿಯಿಂದ ಬರುತ್ತಿಲ್ಲ.
ಪ್ರಾಕ್ಟಿಕಲ್ ಮುಗಿಸಿದ ಹುಡುಗಿಯರು
ಗೂಡ್ಸ್ ಆಟೋದಲ್ಲಿ, ಖಾಲಿ ಸಿಲಿಂಡರುಗಳ ಸಂದಿಯಲ್ಲಿ ಕುಲುಕುತ್ತ ಮನೆಗೆ.
ಅದಕ್ಕೇ ಕೂತರು, ಬಸ್ಸು ಹೊರಡುವ ಜಾಗದಲ್ಲೇ,
ಚೀಲ ಮಡಿಲಲ್ಲಿಟ್ಟು.
ಒಬ್ಬಳು ನಾಳಿನ ಅಸೈನ್‌ಮೆಂಟ್ ಬರೆಯುತ್ತಿದ್ದಳು.

ಸ್ಟಾಫ್ ರೂಮಿನಲ್ಲಿ ವಾದ ಹತ್ತಿತು.
ಅರ್ಥಶಾಸ್ತ್ರದ ಗುರುಪಾದಪ್ಪನವರು ಟಿಫಿನ್ ಮುಚ್ಚಳ ಬಿಚ್ಚುತ್ತ:
"ಎರಡು ಗಂಟೆ ರಸ್ತೆ ಕಟ್ಟಿದರೆ? ಶಿವಮೊಗ್ಗಕ್ಕೆ
ಡಯಾಲಿಸಿಸ್‌ಗೆ ಹೊರಟವನೊಬ್ಬ ಬಸ್ಸಿನಲ್ಲಿದ್ದ. ಅವನ ಶಾಂತಿ ಲೆಕ್ಕಕ್ಕಿಲ್ಲವೋ?"
ಮಾತು ಸುಳ್ಳಲ್ಲ. ಅವನಿದ್ದ.
ಇತಿಹಾಸದ ಫಿಲೋಮಿನಾ ತಲೆ ಎತ್ತಲಿಲ್ಲ:
"ಹುಡುಗರೇ ಎದ್ದು ಆ ಬಸ್ಸಿಗೆ ದಾರಿ ಬಿಟ್ಟರು.
ಮತ್ತೆ ಕೂತರು. ಹೊಡೆದದ್ದು ಆಮೇಲೆ."
"ಕಲ್ಲು ಬಿತ್ತಂತೆ."
"ಯಾರ ಮೇಲೆ?"
"ಬಿತ್ತಂತೆ ಮಾರಾಯ್ತಿ."
ಅಂತೆ: ಒಂದು ಗುರು, ಒಂದು ಲಘು. ಮೂರು ಮಾತ್ರೆ.
ಅಷ್ಟು ಸಾಕು, ಜಿಲ್ಲಾ ಕೇಂದ್ರದಿಂದ ಒಂದು ವ್ಯಾನು ಹೊರಡಲು.

ನಾನು ಮಾತಾಡಲಿಲ್ಲ.
ಅತಿಥಿ ಉಪನ್ಯಾಸಕಿ, ಗಂಟೆ ಲೆಕ್ಕದ ಸಂಬಳ,
ಜೂನ್ ಪಟ್ಟಿಯಲ್ಲಿ ಹೆಸರು ಇರಬೇಕು.

ಸಂಜೆ ಜೆರಾಕ್ಸ್ ಅಂಗಡಿಯಲ್ಲಿ ಲೋಹಿತಾಶ್ವ ಸಿಕ್ಕ.
ಆರು ವರ್ಷದ ಹಿಂದೆ ಇದೇ ಪಾಠಕ್ಕೆ ಹತ್ತಕ್ಕೆ ಹತ್ತು.
ಈಗ ಖಾಕಿ, ಹೊಸ ಮೀಸೆ.
ನಾನೇನೂ ಕೇಳಿರಲಿಲ್ಲ.
"ಸೊಂಟದ ಕೆಳಗೇ ಹೊಡೀಬೇಕು ಅಂತ ಆದೇಶ ಮೇಡಂ,
ಟ್ರೈನಿಂಗಿನಲ್ಲೂ ಅದೇ ಹೇಳಿಕೊಡೋದು.
ಆದರೆ ಅವರು ಕೂತಿದ್ರು.
ಕೂತವರಿಗೆ ಸೊಂಟದ ಕೆಳಗೆ ಏನು ಬರುತ್ತೆ ಹೇಳಿ?"
ನೆಲ, ಎಂದೆ.
ಅವನು ಚಿಲ್ಲರೆ ಎಣಿಸಿದ. ಮತ್ತೊಮ್ಮೆ ಎಣಿಸಿದ.
"ಮೊದಲನೇ ಏಟು ನೆಲಕ್ಕೇ ಹೊಡೆದೆ.
ಸಾಹೇಬರು ನೋಡಿಬಿಟ್ಟರು."

ರಾತ್ರಿ ಪತ್ರಿಕೆಯ ಅಂಚಿನಲ್ಲೇ ಪ್ರಸ್ತಾರ ಹಾಕಿದೆ.
ಲ, ಬಟ್ಟಲು. ಘು, ಬಟ್ಟಲು. ಲಾ, ಗೆರೆ.
ಠಿ, ಒಂಟಿಯಾಗಿದ್ದರೆ ಹಗುರವೇ,
ಆದರೆ ಮುಂದೆ ಒತ್ತು ಕಾದಿದೆ.
ಒತ್ತು ಬಂದಾಗ ಹಿಂದಿನ ಅಕ್ಷರ ಭಾರವಾಗಬೇಕು, ನಿಯಮ.
ತೇಲಿಸಿ ಉಚ್ಚರಿಸಿದರೆ ಶಿಥಿಲದ್ವಿತ್ವ,
ಲಘುವೆಂದೇ ಬಿಟ್ಟುಬಿಡಬಹುದು. ಅದಕ್ಕೂ ನಿಯಮವಿದೆ.
ವರದಿಗಾರ ತೇಲಿಸಿ ಬರೆದಿದ್ದಾನೆ.

ನಿನ್ನೆ ನಾನೂ ತೇಲಿಸಿಯೇ ಕೇಳಿದ್ದೆ, ಕಾಲೇಜಿನ ಗೇಟಿನ ಒಳಗೆ ನಿಂತು:
ಮೊದಲು ಶಿಳ್ಳೆ,
ಆಮೇಲೆ ಚಪ್ಪಲಿಗಳು ರಸ್ತೆಗೆ ಬಡಿಯುವ ಸದ್ದು,
ಆಮೇಲೆ ಕಂಬಿ ಹಿಡಿದ ಬೆರಳುಗಳು, ಎಷ್ಟೊಂದು.
ವಾಚ್‌ಮನ್ ಬೀಗದ ಕೈ ಹಿಡಿದು ನನ್ನ ಮುಖ ನೋಡಿದ,
"ತೆಗೀಲಾ ಮೇಡಂ?"

ಹೇಳಬೇಕಾಗಿದ್ದದ್ದು ಒಂದೇ ಅಕ್ಷರ.
ಹೂಂ.
ಎರಡು ಮಾತ್ರೆ. ಗುರು.